ಬುಟ್ಟಿ ಹೊತ್ತ ಬೆನ್ನು

“ಅಳಿಸ್ರಿ. ನನ್ನ ಕಣ್ಣ ಮುಂದ ಅಳಿಸ್ರಿ.”

ಮಸ್ಕಿಯ ಶಾಸನದ ಗುಡ್ಡದ ಕೆಳಗೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಅಂಬಿಕಾ ಆ ಅಪರಿಚಿತನಿಗೆ ಅಡ್ಡ ನಿಂತಿದ್ದಳು. ಅವನ ಕೊರಳಲ್ಲಿ ಕ್ಯಾಮೆರಾ. ಅದರೊಳಗೆ ಅವಳ ಅವ್ವನ ಮುಖ.

ಅವ್ವ ಯಮನಮ್ಮ ಹುರಿದ ಶೇಂಗಾದ ಬುಟ್ಟಿಯ ಹಿಂದೆ ಮುಖಕ್ಕೆ ಸೆರಗು ಎಳೆದುಕೊಂಡು ಕೂತಿದ್ದಳು. ಫೋಟೋ ತೆಗೆದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬುದು ಅವಳ ಗಟ್ಟಿ ನಂಬಿಕೆ. ಆಧಾರ್ ಕಾರ್ಡಿಗೆ ಒಮ್ಮೆ ಕೂತಿದ್ದಕ್ಕೇ ಮೂರು ದಿನ ಗಂಜಿ ಕುಡಿದು ಮಲಗಿದ್ದಳು.

“ತಪ್ಪಾತ್ರಿ,” ಎಂದು ಅವನು ಗುಂಡಿ ಒತ್ತಿದ. ಚಿತ್ರ ಹೋದದ್ದನ್ನು ಅಂಬಿಕಾಳಿಗೆ ತೋರಿಸಿದ.

“ಅಷ್ಟೂರು ಬಿಟ್ಟು ನನ್ನ ಆಯುಷ್ಯಕ್ಕ ಬಂದಿಯೇನಪ್ಪಾ?” ಎಂದಳು ಯಮನಮ್ಮ. “ಹೋಗ್ಲಿ, ನಾಕು ಶೇಂಗಾ ತಿನ್ನು. ಬಿಸಲಾಗ ನಿಂತು ಕರ್ರಗಾಗೀದಿ.”

ಅವನ ಹೆಸರು ನಿಂಗರಾಜ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಭಾನುವಾರ ಬಂದರೆ ಬಸ್ಸು ಹತ್ತಿ ಮುದಗಲ್ ಕೋಟೆ, ಜಲದುರ್ಗ ಎಂದು ಫೋಟೋ ತೆಗೆಯುತ್ತ ಸುತ್ತಿ, ಸಂಜೆಗೆ ಮನೆ ಸೇರುವ ಹುಚ್ಚು ಅವನದು. ಅಂದಿನಿಂದ ಎಲ್ಲಿಗೆ ಹೊರಟರೂ ಮಸ್ಕಿಯಲ್ಲಿ ಇಳಿಯತೊಡಗಿದ. ಗುಡ್ಡದ ಫೋಟೋ ತೆಗೆದು, ಶೇಂಗಾ ತಿಂದು ಹೋಗುತ್ತಿದ್ದ.

ವಾರವೆಲ್ಲ ಲಿಂಗಸುಗೂರಿನ ಕಚೇರಿಯಲ್ಲಿ ಟೈಪು ಮಾಡುವ ಅಂಬಿಕಾ ಭಾನುವಾರ ಅವ್ವನ ಪಕ್ಕ ಕೂರುತ್ತಿದ್ದಳು. ಅವಳ, ನಿಂಗರಾಜನ ನಡುವಿನ ಮಾತು ಶೇಂಗಾ, ಬಸ್ಸು, ಬಿಸಿಲು ದಾಟಲಿಲ್ಲ... ದಾಟಬಹುದಿತ್ತು.

ಶ್ರಾವಣದಲ್ಲಿ ಅವ್ವ ಹೋದಳು. ಮೂರೇ ದಿನದ ಜ್ವರ.

ಹನ್ನೊಂದನೇ ದಿನದ ಪೂಜೆಗೆ ಫೋಟೋ ಬೇಕು ಎಂದರು ಬಂಧುಗಳು. ಆಧಾರ್ ಚಿತ್ರವನ್ನು ದೊಡ್ಡದು ಮಾಡಿಸಿದರೆ ಬರೀ ಮಸಿ. ಅದರಲ್ಲಿ ಅವ್ವ ಇರಲಿಲ್ಲ.

ಅವ್ವನ ಜೊತೆ ಇಪ್ಪತ್ತು ವರ್ಷ ಶೇಂಗಾ ಮಾರಿದ ಪಕ್ಕದ ಮನೆಯ ಲಾಲ್‌ಬೀ ಪಿಸುಗುಟ್ಟಿದಳು. “ಈ ಫೋಟೋದವರು ಪೂರಾ ಅಳಿಸಂಗಿಲ್ಲ ಬೇಟಿ. ಎಲ್ಲೋ ಒಂದ್ಕಡಿ ಇಟ್ಟಿರ್ತಾರ. ಹೋಗಿ ಕೇಳು.”

‘ಸುಳ್ಳು ಹೇಳಿರಲಿ ದೇವರೇ... ಅವನು ಸುಳ್ಳುಗಾರನಾಗಿರಲಿ.’ ಸಿಂಧನೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳದು ಇದೊಂದೇ ಬೇಡಿಕೆ.

ಗಿರಣಿಯ ಬಾಗಿಲಲ್ಲಿ, ತೌಡಿನ ಧೂಳಿನ ನಡುವೆ, ಅವನು ತಲೆ ತಗ್ಗಿಸಿದ.

“ಅವತ್ತೇ ಅಳಿಸೀನ್ರಿ. ನೀವ ನೋಡಿದ್ರಲ್ಲ.”

“ಆಮೇಲೂ ಒಂದೂ ತೆಗದಿಲ್ಲ?”

“ನೀವು ಬ್ಯಾಡ ಅಂದಿದ್ರಿ.”

“ಅಷ್ಟು ನಿಯತ್ತು ಯಾಕ ಬೇಕಿತ್ತು ನಿಮಗ?”

ಅಳಿಸಲು ಹೇಳಿದವಳು ತಾನೇ. ಅದು ಗೊತ್ತಿದ್ದೂ ಸಿಟ್ಟೆಲ್ಲ ಅವನ ಮೇಲೆಯೇ ಹೋಯಿತು. ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ನಡೆದಳು.

ಪೂಜೆಯ ಹಿಂದಿನ ಸಂಜೆ ಲಾಲ್‌ಬೀ ಅವನನ್ನು ಮನೆಗೆ ಕರೆತಂದಳು. ಕೈಯಲ್ಲೊಂದು ಲಕೋಟೆ.

“ಗುಡ್ಡದ ಫೋಟೋ ಒಂದೊಂದ ಹಿಗ್ಗಿಸಿ ನೋಡಿದೆ. ಇದೊಂದ್ರಾಗ ಸಿಕ್ಕಾರ... ಮುಖ ಇಲ್ರಿ.”

ಚಿತ್ರದ ತುಂಬ ಗುಡ್ಡ. ಕೆಳಗಿನ ಮೂಲೆಯಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು, ಬೆನ್ನು ತೋರಿಸಿ ಹೊರಟ ಹೆಂಗಸು. ಎರಡು ಹೆಜ್ಜೆ ಹಿಂದೆ ಅಂಬಿಕಾ.

ಲಾಲ್‌ಬೀ ಬಗ್ಗಿ ನೋಡಿದಳು. “ಯಮನವ್ವ. ಸೊಂಟಕ್ಕ ಸೆರಗು ಸಿಗಿಸಿದ್ದು ನೋಡು. ಎಡಗಾಲು ಎಳದು ನಡ್ಯಾಕತ್ತಾಳ. ಹಿಂಗ ನನ್ನ ಬಿಟ್ಟು ಮುಂದ ಹೋಗಾಕಿ, ಯಾವಾಗ್ಲೂ.” ಸೆರಗಿನಿಂದ ಕಣ್ಣೊತ್ತಿಕೊಂಡು ಒಳಗೆ ಹೋದಳು.

ಅಷ್ಟು ದಿನ ಒಣಗಿದ್ದ ಅಂಬಿಕಾಳ ಕಣ್ಣುಗಳು ತುಂಬಿದವು. ಆ ಬೆನ್ನನ್ನು ಬೆರಳಿನಿಂದ ಸವರಿದಳು. ಇದರ ಹಿಂದೆ ನಡೆದೇ ಅವಳು ದೊಡ್ಡವಳಾಗಿದ್ದು.

“ಇದಕ್ಕ ಹಾರ ಹಾಕ್ತೀನಿ. ಅವ್ವನೂ ಬೈಯಂಗಿಲ್ಲ. ಮುಖ ಕೊಟ್ಟಿಲ್ಲಲ್ಲ...”

ಫೋಟೋವನ್ನು ಲಕೋಟೆಯ ಮೇಲಿಟ್ಟು ಕೇಳಿದಳು. “ಎಷ್ಟು ಭಾನುವಾರದ್ದು ನೋಡಿದ್ರಿ?”

“ಇಪ್ಪತ್ತೊಂದು.”

“ಎಲ್ಲಾ ಅದ ಗುಡ್ಡ?”

“ಅದ ಗುಡ್ಡ.”

“ಅಂಥಾದ್ದೇನೈತಿ ಅದ್ರಾಗ?”

ಅವನು ನೆಲ ನೋಡಿದ. “ಗುಡ್ಡ ನೋಡಾಕ ಬರ್ತಿದ್ದಿಲ್ಲ, ಅಂಬಿಕಾ.”

ಹೊರಗೆ ಸಿಂಧನೂರಿನ ಬಸ್ಸು ಹಾರ್ನ್ ಹಾಕಿತು. ಅವನು ಎದ್ದ. ಹೊಸ್ತಿಲವರೆಗೆ ಬಂದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಬರೋ ಭಾನುವಾರ ಬುಟ್ಟಿ ಹಿಂದ ನಾನೊಬ್ಬಾಕಿನ ಕೂಡ್ತೀನಿ.”

“ಬರ್ತೀನಿ.”

“ಕ್ಯಾಮೆರಾನೂ ತರ್ರಿ... ನಾ ಮುಖ ಮುಚ್ಕೊಳ್ಳಂಗಿಲ್ಲ.”