ಮುಚ್ಚಿದ ವಿಭಾಗದಲ್ಲಿ ಒಬ್ಬರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೃದ್ರೋಗಿಗಳ ಆನ್‌ಲೈನ್ ವೇದಿಕೆಯೊಂದನ್ನು ನೋಡಿಕೊಳ್ಳುವವನು ನಾನು. ತಪ್ಪು ವಿಭಾಗಕ್ಕೆ ಬಂದ ಪ್ರಶ್ನೆಯನ್ನು ಸರಿಯಾದ ಕಡೆಗೆ ಸಾಗಿಸಿ, ಬರೆದವರಿಗೆ ಒಂದು ಸಾಲು ತಿಳಿಸಬೇಕು. ಅಷ್ಟೇ ಕೆಲಸ.

ಒಂದು ಬೆಳಿಗ್ಗೆ ಹನ್ನೊಂದಕ್ಕೆ, ನಾವೆಲ್ಲ ಟೇಲರಕ್ಕ ಎಂದು ಕರೆಯುತ್ತಿದ್ದ ಸದಸ್ಯೆ ‘ಹರಟೆ’ ವಿಭಾಗದಲ್ಲಿ ಬರೆದರು: “ಎಡಗೈ ತಣ್ಣಗಾಗ್ತಾ ಇದೆ, ಏನ್ ಮಾಡ್ಲಿ?” ನಾನು ಅದನ್ನು ‘ತುರ್ತು’ ವಿಭಾಗಕ್ಕೆ ಸಾಗಿಸಿದೆ. ನನ್ನ ಕೈಗೇನು ರೋಗ ಬಂದಿತ್ತೋ, ಸಾಗಿಸಿದ್ದನ್ನು ಅವರಿಗೆ ತಿಳಿಸಲಿಲ್ಲ. ಅಲ್ಲಿ ಆರು ಜನ “ಈಗಲೇ ಆಸ್ಪತ್ರೆಗೆ ಹೋಗಿ” ಎಂದು ಉತ್ತರ ಬರೆದಿದ್ದರು.

ಮೂರನೆಯ ದಿನ ಅವರ ಅಣ್ಣ ಫೋನ್ ಮಾಡಿದ. “ಕೇಳಿದ್ದನ್ನೇ ಅಳಿಸಿಬಿಟ್ರು ಅಂತ ಹುಡುಕ್ತಾನೇ ಕೂತಿದ್ಲು ಸಾರ್. ಕೂತಲ್ಲೇ ಹೋಗ್ಬಿಟ್ಲು.”

ಹರಟೆ ವಿಭಾಗವನ್ನೇ ಮುಚ್ಚಿಬಿಟ್ಟೆ. ಆದರೂ ದಿನಾ ಹನ್ನೊಂದಕ್ಕೆ ಅದರ ಕೆಳಗೆ ಮೂಡುತ್ತದೆ: “ಈಗ ನೋಡುತ್ತಿರುವವರು: ಟೇಲರಕ್ಕ.” ಅದು ಮರೆಯಾಗುವವರೆಗೂ ಮೇಜಿನ ಮೇಲಿನ ನನ್ನ ಎಡಗೈ ಮಂಜುಗಡ್ಡೆಯಂತಿರುತ್ತದೆ. ತಂಗಿಯ ಫೋನು ಚಾರ್ಜಿಲ್ಲದೆ ಕಪಾಟಿನಲ್ಲಿ ಬಿದ್ದಿದೆ ಎನ್ನುತ್ತಾನೆ ಅಣ್ಣ.

ಈಗ ದಿನವೂ ಅವರ ಖಾತೆಗೆ ಸಂದೇಶ ಕಳಿಸಿ ತಿಳಿಸುತ್ತೇನೆ: “ನಿಮ್ಮ ಪ್ರಶ್ನೆ ತುರ್ತು ವಿಭಾಗದಲ್ಲಿದೆ ಅಕ್ಕಾ, ಉತ್ತರ ಬಂದಿದೆ.” ಇವತ್ತಿಗೆ ನಲವತ್ತೊಂದು ಸಲವಾಯಿತು. ಒಂದನ್ನೂ ಅಕ್ಕ ತೆರೆದು ನೋಡಿಲ್ಲ.