ಅಮ್ಮಿ ಫೋನಿಗೆ ಬರುವವರೆಗೆ

ಫಾರಂನಲ್ಲಿ ‘ಪಿ.ಪಿ.’ ಎಂದು ಬರೆಯಲು ಜಾಗವೇ ಇರಲಿಲ್ಲ. ಜಾಕೀರ ಮೌಸ್ ಹಿಡಿದುಕೊಂಡು ಕಂಪ್ಯೂಟರ್ ನೋಡುತ್ತ ಕುಳಿತಿದ್ದ. ಪಕ್ಕದ ಸ್ಟೂಲಿನ ಮೇಲೆ ಕುಳಿತು ನಾನು ಅವನ ಅಂಗಡಿಯ ಫ್ಯಾನ್ ನೋಡುತ್ತಿದ್ದೆ.

2007ರ ಫೆಬ್ರವರಿ. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರು ಅವನ ಝೆರಾಕ್ಸ್ ಅಂಗಡಿ. ಎರಡು ಕಂಪ್ಯೂಟರ್, ಒಂದಕ್ಕೆ ಮಾತ್ರ ಇಂಟರ್‌ನೆಟ್, ಮೇಜಿನ ಮೇಲೊಂದು ಲ್ಯಾಂಡ್‌ಲೈನ್. ಮೊಬೈಲು ಊರಿಗೆ ಬಂದಿತ್ತು, ನಮ್ಮ ಓಣಿಗೆ ಬಂದಿರಲಿಲ್ಲ. ಮನೆಯಲ್ಲಿ ಫೋನಿಲ್ಲದವರು ಎಲ್ಲಿ ನಂಬರು ಕೇಳಿದರೂ ಅವನ ಅಂಗಡಿಯ ನಂಬರು ಕೊಟ್ಟು, ಮುಂದೆ ಪಿ.ಪಿ. ಎಂದು ಬರೆಯುತ್ತಿದ್ದರು. ಫೋನ್ ಬಂದರೆ ಅವನು ಹೇಳಿ ಕಳಿಸಬೇಕು, ನಾವು ಕೆಲಸ ಬಿಟ್ಟು ಬರಬೇಕು. ಓಣಿಯ ಹತ್ತು ಹನ್ನೆರಡು ಮನೆಗಳ ಸಾವು, ಹೆರಿಗೆ, ನೌಕರಿ ಎಲ್ಲವೂ ಮೊದಲು ಅವನ ಕಿವಿಗೇ ಬೀಳುತ್ತಿದ್ದವು.

ಥಾಯ್ಲೆಂಡಿನವರ ಫಾರಂಗೆ ಇದೆಲ್ಲ ಎಲ್ಲಿ ಗೊತ್ತು? ತುರ್ತಿದ್ದರೆ ಯಾರಿಗೆ ಫೋನ್ ಮಾಡಬೇಕು, ಅವರು ನಿಮಗೆ ಏನಾಗಬೇಕು ಎಂದು ಕೇಳಿತ್ತು. ಅಬ್ಬಾ ತೀರಿಕೊಂಡಿದ್ದರು. ಅಮ್ಮಿಗೆ ಇಂಗ್ಲಿಷ್ ಬರುವುದಿಲ್ಲ. ನಿಮ್ಮ ಹೆಸರೇ ಹಾಕಿಬಿಡಿ ಎಂದು ಜಾಕೀರನಿಗೆ ಹೇಳಿದೆ.

“ಸಂಬಂಧ ಏನಂತ ಕೇಳತೈತ್ರಿ ಟೀಚರ್. ಅಪ್ಪ, ಅವ್ವ, ಅಣ್ಣ-ತಮ್ಮ, ಗಂಡ. ಇಷ್ಟ ಅದಾವು.”

“ಏನರ ಒಂದ ಹಾಕ್ರಿ.”

ಅವನು ಏನೋ ಒತ್ತಿದ. ನಾನು ನೋಡಲಿಲ್ಲ.

ಆಗ ನನ್ನ ಸ್ಥಿತಿಯೇ ಹಾಗಿತ್ತು. ನರಗುಂದದ ಒಂದು ಮನೆಯವರು ನನ್ನನ್ನು ಒಪ್ಪಿ, ಸಕ್ಕರೆ ತಿನ್ನಿಸಿ, ಹದಿನಾಲ್ಕು ತಿಂಗಳು ಕಾಯಿಸಿ, ಕೊನೆಗೆ ಮೂರನೆಯವರ ಬಾಯಲ್ಲಿ ಬೇಡವೆಂದು ಹೇಳಿ ಕಳಿಸಿದ್ದರು. ನಾನು ಅಳಲಿಲ್ಲ. ಹಸನಬಿಯ ಮಗಳು ಆಸಿಫಾಗೆ ಎಷ್ಟು ತಾಳ್ಮೆ ಎಂದು ಓಣಿಯೆಲ್ಲ ಹೊಗಳಿತು. ತಾಳ್ಮೆಯೂ ಇಲ್ಲ, ಏನೂ ಇಲ್ಲ. ಕಾಲು ಮಡಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಉಂಡದ್ದು ರುಚಿಯಿಲ್ಲ, ನಕ್ಕದ್ದು ನೆನಪಿಲ್ಲ. ಯಾರು ಏನು ಕೇಳಿದರೂ ಹೂಂ ಅನ್ನುತ್ತಿದ್ದೆ, ಅದು ಸುಲಭ.

ರಾಜೂರಿನ ಸರ್ಕಾರಿ ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿ, ಇಂಗ್ಲಿಷ್ ಪಾಠ. ಹೆಡ್‌ಮಾಸ್ತರ ಅರ್ಜುನಪ್ಪ ಸರ್ ಒಂದು ದಿನ ಪೇಪರಿನ ತುಂಡು ತಂದು ಕೊಟ್ಟರು. ಬೆಂಗಳೂರಿನ ಒಂದು ಸಂಸ್ಥೆ ಥಾಯ್ಲೆಂಡಿನ ಸರ್ಕಾರಿ ಶಾಲೆಗಳಿಗೆ ಸ್ವಯಂಸೇವಕರನ್ನು ಕಳಿಸುತ್ತದೆ, ಅಲ್ಲಿನ ಟೀಚರ್ ಪಕ್ಕದಲ್ಲಿ ನಿಂತು ಇಂಗ್ಲಿಷ್ ಹೇಳಿಕೊಡಬೇಕು, ಹತ್ತು ತಿಂಗಳು, ಊಟ ವಸತಿ ಅವರದು. ಹೋಗಿ ಬಾ ತಾಯಿ ಎಂದರು. ಹೂಂ ಅಂದೆ. ಅದೇ ವಾರ ರೋಣದಿಂದ ಒಂದು ಸಂಬಂಧ ಬಂತು. ಹೆಂಡತಿ ಸತ್ತ ಬಟ್ಟೆ ವ್ಯಾಪಾರಿ, ಒಳ್ಳೆಯ ಮನುಷ್ಯ, ಮುಂದಿನ ವರ್ಷದ ಮಾರ್ಚ್‌ವರೆಗೆ ಕಾಯುತ್ತೇನೆ ಎಂದ. ಅದಕ್ಕೂ ಹೂಂ ಅಂದೆ.

ಮೇ ತಿಂಗಳಲ್ಲಿ ಹೊರಡುವ ದಿನ ಜಾಕೀರ ಒಂದು ದಪ್ಪ ಕವರ್ ತಂದು ಬಸ್ಸಿನ ಕಿಟಕಿಯಲ್ಲಿ ಕೊಟ್ಟ. ನನ್ನ ಪಾಸ್‌ಪೋರ್ಟಿನ ಇಪ್ಪತ್ತೈದು ಝೆರಾಕ್ಸ್. ಆ ದೇಶದಲ್ಲಿ ಝೆರಾಕ್ಸ್ ಸಿಗುತ್ತದೋ ಇಲ್ಲವೋ ಎಂಬ ಚಿಂತೆ ಅವನಿಗೆ. ಬಸ್ಸು ಹೊರಟರೂ ಕಿಟಕಿಯ ಸರಳಿನಿಂದ ಕೈ ತೆಗೆಯದೆ ನಾಲ್ಕು ಹೆಜ್ಜೆ ಜೊತೆಗೇ ಬಂದ. ಕಂಡಕ್ಟರ್ ಬೈದ ಮೇಲೆ ಬಿಟ್ಟ.

ಥಾಯ್ಲೆಂಡಿನ ನನ್ನ ಹಳ್ಳಿಯ ಸುತ್ತ ಭತ್ತದ ಗದ್ದೆ. ಬೆಳಿಗ್ಗೆ ಎಂಟಕ್ಕೆ ಧ್ವಜ, ಹಾಡು. ಮಕ್ಕಳು ಕೈ ಮುಗಿದು ಸಾಲಾಗಿ ಒಳಗೆ ಬರುತ್ತಿದ್ದರು. ನನ್ನ ಪಾಲಿನ ಟೀಚರ್ ಖ್ರು ಮಾಲಿ, ಐವತ್ತು ದಾಟಿದ ದುಂಡನೆಯ ಹೆಂಗಸು. ಖ್ರು ಎಂದರೆ ಅಲ್ಲಿ ಗುರು. ಅವರು ಪುಸ್ತಕ ತೆರೆಯುತ್ತಿದ್ದರು, ನಾನು ವಾಕ್ಯ ಹೇಳುತ್ತಿದ್ದೆ, ನಲವತ್ತು ಮಕ್ಕಳು ಹಾಗೇ ಹೇಳುತ್ತಿದ್ದರು. ಇದು ಕಿಟಕಿ. ಇದು ಬಾಗಿಲು. ದಿನಕ್ಕೆ ಇನ್ನೂರು ಸಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಕೆಲಸ.

ಭಾನುವಾರ ಸಂಜೆ ಫೋನ್ ಕಾರ್ಡ್ ಹಾಕಿ ಊರಿಗೆ ಮಾತಾಡುತ್ತಿದ್ದೆ. ಜಾಕೀರ ಎತ್ತಿ, “ಕರೆ ಕಳಿಸೀನ್ರಿ, ಹಿಡೀರಿ” ಅನ್ನುತ್ತಿದ್ದ. ಅಮ್ಮಿ ಓಣಿಯಿಂದ ಬರಲು ಹತ್ತು ನಿಮಿಷ. ಮೊದಮೊದಲು ಆ ಹತ್ತು ನಿಮಿಷ ಇಬ್ಬರೂ ಸುಮ್ಮನೆ. ಅವನ ಝೆರಾಕ್ಸ್ ಮಷಿನ್ನಿನ ಸದ್ದು ಮಾತ್ರ ಕೇಳುತ್ತಿತ್ತು. ಮೂರನೇ ವಾರ ಅವನೇ ಮಕ್ಕಳು ಏನು ಉಣ್ಣುತ್ತಾರೆ ಎಂದು ಕೇಳಿದ. ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟು ಅನ್ನ ತರುತ್ತಾರೆ, ಕೈಯಲ್ಲೇ ಉಂಡೆ ಕಟ್ಟಿ ತಿನ್ನುತ್ತಾರೆ ಎಂದೆ. ಬುಟ್ಟಿಗೆ ಮುಚ್ಚಳ ಇದೆಯೋ, ಅನ್ನ ಬುಟ್ಟಿಗೆ ಹತ್ತುವುದಿಲ್ಲವೋ, ಹತ್ತಿದರೆ ತೊಳೆಯುವುದು ಹೇಗೆ ಎಂದೆಲ್ಲ ಕೇಳಿದ. ಲೋಕದಲ್ಲಿ ಇಂಥ ಪ್ರಶ್ನೆ ಕೇಳುವವರೂ ಇರುತ್ತಾರೆ!

ಆಮೇಲೆ ಅದೇ ರೂಢಿಯಾಯಿತು. ಈ ವಾರ ಯಾವ ವಾಕ್ಯ ಕಲಿಸಿದಿರಿ ಎಂದು ಕೇಳುತ್ತಿದ್ದ. ‘ಪೋಸ್ಟ್ ಆಫೀಸ್ ಎಲ್ಲಿದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ, ಬಸ್ ಸ್ಟ್ಯಾಂಡಿನ ಹಿಂದೆ, ಐದಕ್ಕೆ ಬಾಗಿಲು ಹಾಕುತ್ತಾರೆ, ಲಗೂ ಹೋಗಿ ಅನ್ನುತ್ತಿದ್ದ. ಮನೆಯಲ್ಲಿ ಇಬ್ಬರೂ ಉರ್ದು ಆಡುವವರೇ. ಆದರೂ ನಮ್ಮ ಮಾತೆಲ್ಲ ಅಂಗಡಿಯ ಕನ್ನಡದಲ್ಲೇ ನಡೆಯಿತು. ಉರ್ದುವಿಗೆ ಹೊರಳಿದರೆ ಮನೆಯವರಂತಾಗಿಬಿಡುತ್ತೇವೆ ಎಂಬ ಅಂಜಿಕೆ ಇಬ್ಬರಿಗೂ ಇತ್ತೇನೋ. ಅಷ್ಟರಲ್ಲಿ ಅಮ್ಮಿ ಬರುತ್ತಿದ್ದಳು. ಉಂಡೆಯಾ, ಉಂಡೆ. ಚಲೋ ಇದ್ದೀಯಾ, ಹೂಂ. ಫೋನ್ ಇಟ್ಟುಬಿಡುತ್ತಿದ್ದೆ.

ಆಗಸ್ಟಿನಲ್ಲಿ ನನಗೆ ಡೆಂಗಿ ಬಂತು. ಎಂಟು ದಿನ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿದ್ದೆ. ಐದನೇ ದಿನ ಕಣ್ಣು ಬಿಟ್ಟಾಗ ಖ್ರು ಮಾಲಿ ಹಣ್ಣು ಸುಲಿಯುತ್ತ ಕುಳಿತಿದ್ದರು. ನಿನ್ನ ಗಂಡ ಬಹಳ ಒಳ್ಳೆಯವನು, ದಿನಾ ಸಂಜೆ ನನಗೆ ಫೋನ್ ಮಾಡುತ್ತಾನೆ ಎಂದರು.

ನನಗೆ ಗಂಡ ಇಲ್ಲ ಎಂದೆ. ಫಾರಂನಲ್ಲಿ ಇದ್ದಾನೆ ಎಂದರು. ಜ್ವರದ ಬಾಯಲ್ಲೇ ಪಿ.ಪಿ. ಅಂದರೇನೆಂದು ವಿವರಿಸಿದೆ. ಅವನು ಬರೀ ಓಣಿಯ ಫೋನ್ ನೋಡಿಕೊಳ್ಳುವವನು ಎಂದೆ. ಖ್ರು ಮಾಲಿ ತಲೆಯಾಡಿಸಿ, ನಮ್ಮ ಮನೆಯಲ್ಲೂ ಫೋನ್ ಗಂಡನ ಕೈಯಲ್ಲೇ ಇರುತ್ತದೆ ಎಂದರು. ಇವರಿಗೆ ತಿಳಿಸುವುದು ನನ್ನಿಂದಾಗದ ಕೆಲಸ ಎಂದು ಅವರು ಸುಲಿದ ಹಣ್ಣು ತಿಂದೆ.

ಆಮೇಲೆ ಅವರೇ ಉಳಿದದ್ದನ್ನು ಹೇಳಿದರು. ಕಾಯಿಲೆ ಬಿದ್ದ ಸ್ವಯಂಸೇವಕರನ್ನು ಊರಿಗೆ ಕಳಿಸುವುದು ಸಂಸ್ಥೆಯ ಪದ್ಧತಿ. ಮನೆಯವರು ಹೂಂ ಅಂದರೆ ಸಾಕು, ಟಿಕೆಟ್ ತಯಾರಿತ್ತು. ಫಾರಂನ ನಂಬರಿಗೆ ಸುದ್ದಿ ಮುಟ್ಟಿದಾಗ ಜಾಕೀರ ಅಮ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಖ್ರು ಮಾಲಿಗೆ ಫೋನ್ ಮಾಡಿದ. ಅವರಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೇ. ಜೀವಕ್ಕೆ ಅಪಾಯವಿಲ್ಲವೇ ಎಂದು ಮೂರು ಸಲ ಕೇಳಿದನಂತೆ. ಇಲ್ಲ ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದನಂತೆ. ಆಕೆ ಅಲ್ಲಿ ನಗುತ್ತಾಳಾ?

ಒಂದು ಸಲ ನಕ್ಕಿದ್ದಾಳೆ ಎಂದಿದ್ದರು ಖ್ರು ಮಾಲಿ. ಖರೇ. ಒಂದು ದಿನ ಪಾಠದ ನಡುವೆ ನಾನು ಸೀನಿದೆ. ಅದೂ ಪಾಠವೇ ಇರಬೇಕೆಂದು ನಲವತ್ತು ಮಕ್ಕಳೂ ಒಟ್ಟಿಗೆ ನನ್ನ ಹಾಗೇ ಸೀನಿದವು. ಆಗ ನಕ್ಕಿದ್ದೆ. ನಕ್ಕದ್ದು ನನಗೇ ತಿಳಿದಿರಲಿಲ್ಲ.

ಹಾಗಿದ್ದರೆ ಅಲ್ಲೇ ಇಟ್ಟುಕೊಳ್ಳಿ, ಕಳಿಸಬೇಡಿ ಎಂದನಂತೆ ಜಾಕೀರ.

ನಾನು ಗೋಡೆಯ ಕಡೆ ಹೊರಳಿ ಮಲಗಿದೆ. ಅಳು ಬರಲಿಲ್ಲ. ಆದರೆ ಈಗ ಬರಬೇಕಿತ್ತು ಎಂದು ಅನಿಸಿತು. ಎರಡು ವರ್ಷದಲ್ಲಿ ಅಷ್ಟು ಅನಿಸಿದ್ದೂ ಅದೇ ಮೊದಲು.

ಮೈಯಲ್ಲಿ ಶಕ್ತಿ ಬಂದ ಮೇಲೆ ಭಾನುವಾರ ಫೋನ್ ಮಾಡಿ ನೇರವಾಗಿ ಕೇಳಿದೆ.

“ಫಾರಂನ್ಯಾಗ ಗಂಡ ಅಂತ ಯಾಕ ಹಾಕಿದ್ರಿ?”

ಅವನು ಝೆರಾಕ್ಸ್ ಮಷಿನ್ ಬಂದ್ ಮಾಡಿದ ಸದ್ದು ಕೇಳಿತು.

“ಅಣ್ಣ ಅಂತ ಒತ್ತಾಕ ಕೈ ಬರಲಿಲ್ರಿ. ತಪ್ಪಾತು.”

ಆಗ ಹೊಳೆಯಿತು. ನಮ್ಮ ಕಡೆ ಶಾಲೆಯ ಟೀಚರ್‌ಗೆ ಮುದುಕರೂ ಅಕ್ಕಾರ ಅನ್ನುತ್ತಾರೆ. ಇವನೊಬ್ಬನೇ ಒಂದು ದಿನವೂ ನನ್ನನ್ನು ಹಾಗೆ ಕರೆದವನಲ್ಲ. ಅಷ್ಟರಲ್ಲಿ ಅಮ್ಮಿ ಬಂದಳು.

ಅಲ್ಲಿಂದಾಚೆ ಅವನು “ಹಿಡೀರಿ” ಎಂದು ಹೇಳಿ ಬಾಯಿ ಮುಚ್ಚಿಬಿಡುತ್ತಿದ್ದ. ರೋಣದವರ ಸುದ್ದಿ ಅವನಿಗೂ ಗೊತ್ತಿತ್ತು. ವಾಕ್ಯ ಕೇಳಲಿಲ್ಲ, ಅನ್ನ ಕೇಳಲಿಲ್ಲ. ಈಗ ಅಮ್ಮಿ ಎರಡೇ ನಿಮಿಷದಲ್ಲಿ ಫೋನಿಗೆ ಬರುತ್ತಿದ್ದಳು. ಕಾರ್ಡಿನಲ್ಲಿ ಇನ್ನೂ ದುಡ್ಡು ಇರುತ್ತಿತ್ತು, ಮಾತು ಮಾತ್ರ ಇರುತ್ತಿರಲಿಲ್ಲ. ಹಾಳಾದವನು ಒಂದು ಪೋಸ್ಟ್ ಆಫೀಸಾದರೂ ಕೇಳಬಾರದೇ ಎಂದು ಸಿಟ್ಟು ಬರುತ್ತಿತ್ತು. ಸಿಟ್ಟಾದರೂ ಬಂತಲ್ಲ ಎಂದುಕೊಂಡೆ.

ಮರುವರ್ಷ ಮಾರ್ಚಿನಲ್ಲಿ ಊರಿಗೆ ಬಂದೆ. ಬಂದ ಕೂಡಲೇ ಮತ್ತೆ ರಾಜೂರಿನ ಶಾಲೆಗೆ ಬಾ ಎಂದು ಅರ್ಜುನಪ್ಪ ಸರ್ ಮೊದಲೇ ಹೇಳಿದ್ದರು. ಬಸ್ ಸ್ಟ್ಯಾಂಡಿಗೆ ಅಮ್ಮಿ ಒಬ್ಬಳೇ ಬಂದಿದ್ದಳು. ಎದುರಿನ ಅಂಗಡಿ ತೆರೆದಿತ್ತು. ಜಾಕೀರ ತಲೆ ಬಗ್ಗಿಸಿ ಕಾಗದ ಜೋಡಿಸುತ್ತಿದ್ದ. ಅಷ್ಟು ಹೊತ್ತು ಜೋಡಿಸುವಷ್ಟು ಕಾಗದ ಅವನ ಅಂಗಡಿಯಲ್ಲಿಲ್ಲ ಎಂದು ನನಗೆ ಗೊತ್ತು.

ಮರುದಿನ ಅಮ್ಮಿ ರೊಟ್ಟಿ ಬಡಿಯುತ್ತ, ಭಾನುವಾರ ರೋಣದವರು ಮಾತು ಪಕ್ಕಾ ಮಾಡಲು ಬರುತ್ತಾರೆ ಎಂದಳು. ಅಭ್ಯಾಸದಂತೆ ಹೂಂ ಅಂದೆ. ಅವಳ ಕೈ ನಿಂತಿತು. ಅವಳು ಉರ್ದುವಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

“ನಿನಗೊಂದು ಹೇಳಬೇಕು. ನೀ ಫೋನ್ ಮಾಡಿದಾಗ ನಾ ಮನಿಯಿಂದ ಬರತಿದ್ದಿಲ್ಲ. ಸಂಜಿಮುಂದ ಅಸರ್ ನಮಾಜ್ ಮುಗಿಸಿ ಅಲ್ಲೇ ಬಂದ ಕುಂತಿರತಿದ್ದೆ. ಅವ ಕರೆ ಕಳಿಸೀನಿ ಅಂತ ನಿನಗ ಸುಳ್ಳ ಹೇಳಂವ. ಇನ್ನಷ್ಟ ಮಾತಾಡಸು ಅಂತ ನಾನ ಕೈ ಮಾಡಾಕಿ.”

ಯಾಕೆ ಎಂದು ಕೇಳಿದೆ.

“ನನ್ನ ಕೂಡ ಮೂರ ಮಾತ ಆಡಿ ಇಡತಿದ್ದಿ. ಅವನ ಕೂಡ ಅನ್ನದ ಸುದ್ದಿ, ಮಳಿ ಸುದ್ದಿ ಎಲ್ಲಾ ಹೇಳತಿದ್ದಿ. ನೀ ಏನ ಅಂತಿದ್ದ್ಯೋ ನನಗ ಕೇಳಸ್ತಿದ್ದಿಲ್ಲ. ಅವನ ಮಾರಿ ನೋಡತಿದ್ದೆ. ನನ್ನ ಮಗಳು ಜೀವಂತ ಅದಾಳ ಅಂತ ಸಮಾಧಾನ ಆಗತಿತ್ತು.”

ಮತ್ತೆ ರೋಣದವರ ವಿಷಯದಲ್ಲಿ ಯಾಕೆ ಸುಮ್ಮನಿದ್ದಿ ಎಂದೆ.

“ಹೂಂ ಅಂದಾಕಿ ನೀನು. ಎಲ್ಲಾದಕ್ಕೂ ಹೂಂ ಅಂತೀದಿ. ಒಂದಕ್ಕರ ಊಹೂಂ ಅಂತಿ ಏನು ಅಂತ ವರ್ಷದಿಂದ ದಾರಿ ಕಾಯಾಕತ್ತೀನಿ.”

ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ನಾನು ಚಪ್ಪಲಿ ಮೆಟ್ಟಿ ಹೊರಟೆ.

ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಜಾಕೀರ ಎದ್ದು ನಿಂತ. ಹತ್ತು ತಿಂಗಳಲ್ಲಿ ಸೊರಗಿದ್ದ, ಮೀಸೆ ಕೆಟ್ಟದಾಗಿ ಕತ್ತರಿಸಿಕೊಂಡಿದ್ದ. ನನ್ನ ಮುಖ ಬಿಟ್ಟು ಅಂಗಡಿಯ ಎಲ್ಲ ವಸ್ತುಗಳನ್ನೂ ಒಂದೊಂದಾಗಿ ನೋಡಿ, ಝೆರಾಕ್ಸ್ ಬೇಕಿತ್ತೇ ಎಂದು ಕೇಳಿದ. ರೋಣಕ್ಕೆ ಒಂದು ಫೋನ್ ಮಾಡಬೇಕು ಎಂದೆ. ಅವನ ಮುಖದ ಬಣ್ಣ ಹೋಯಿತು. ಆದರೂ ಫೋನನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕಡೆ ತಿರುಗಿಸಿದ. ನಾನು ಒಂದೊಂದೇ ಅಂಕಿ ಹೇಳಿದೆ, ಅವನೇ ಒತ್ತಿದ.

ಆ ಕಡೆ ಎತ್ತಿದವರು ವ್ಯಾಪಾರಿಯ ಅಕ್ಕ ಮಾಸುಮಬಿ. ಸಲಾಂ ಹೇಳಿ, ಭಾನುವಾರ ಬರಬೇಡಿ, ಕಾಯಿಸಿದ್ದಕ್ಕೆ ಮಾಫಿ ಮಾಡಿ ಎಂದೆ. ತಮ್ಮನಲ್ಲಿ ಏನು ಕೊರತೆ ಕಂಡಿರಿ ಎಂದು ಕೇಳಿದರು. ಅವರಲ್ಲಿ ಏನೂ ಕೊರತೆಯಿಲ್ಲ, ಅಂದು ಹೂಂ ಅಂದದ್ದು ನನ್ನ ತಪ್ಪು ಎಂದೆ. ಕಾದು ಕೂತವರಿಗೆ ಹೀಗೆ ಹೇಳಿಸಿಕೊಂಡರೆ ಹೇಗಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ಮೂರನೆಯವರ ಬಾಯಲ್ಲಿ ಹೇಳಿಸದೆ ನಾನೇ ಹೇಳಿದೆ. ಅವರು ಸ್ವಲ್ಪ ಬೈದರು. ಬೈಸಿಕೊಂಡೆ. ಫೋನ್ ಇಟ್ಟೆ.

ಜಾಕೀರ ಈಗ ನೇರವಾಗಿ ನನ್ನನ್ನೇ ನೋಡುತ್ತಿದ್ದ.

“ಯಾಕ್ರಿ ಹಿಂಗ ಮಾಡಿದ್ರಿ?”

“ಆಸ್ಪತ್ರ್ಯಾಗ ಬಿದ್ದಾಗ ನೀವು ನನ್ನ ವಾಪಸ್ ಕರಸ್ಕೋಬಹುದಿತ್ತು. ಒಂದ ಹೂಂ ಅಂದಿದ್ರ ಸಾಕಿತ್ತು. ನೀವು ಅನಲಿಲ್ಲ. ಈಗ ನಾನ ಬಂದೀನಿ.”

ಅವನು ಕುರ್ಚಿಯನ್ನು ಕೈಯಲ್ಲಿ ಹುಡುಕಿ ಕುಳಿತ. ನಿಮಗೆ ನಿಜವಾಗಿ ಹಾಗೆ ಅನಿಸುತ್ತಿದೆಯೇ, ಉಪಕಾರ ತೀರಿಸಲು ಬಂದಿಲ್ಲವಷ್ಟೇ ಎಂದು ಮೆಲ್ಲಗೆ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ.

“ಪೂರಾ ಅನಸವಲ್ದು. ಇನ್ನೂ ಅರ್ಧ ಜೋಮ ಐತಿ. ಆದ್ರ ನೀವು ಫೋನ್ಯಾಗ ಮಾತ ಬಿಟ್ಟಾಗ ನನಗ ಭಾಳ ತ್ರಾಸ ಆತು. ಅಷ್ಟ ಗೊತ್ತೈತಿ. ಉಳದದ್ದು ನಿಮ್ಮ ಮುಂದ ಕುಂತ ಅನಸ್ಲಿ.”

ಅವನು ಕಣ್ಣು ಒರೆಸಿಕೊಂಡ, ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ಆಮೇಲೆ ಮೊದಲ ಸಲ ನನ್ನ ಹೆಸರು ಹಿಡಿದ.

“ನನಗ ಏನೂ ಅವಸರ ಇಲ್ಲ ಆಸಿಫಾ. ಆದ್ರ ನಮ್ಮವ್ವಗ ಭಾಳ ಅವಸರ ಐತಿ. ನಾಳೆ ನಿಮ್ಮ ಮನಿಗೆ ಕಳಸ್ಲೇನು?”

“ಸಂಜಿಕಿ ಕಳಸ್ರಿ,” ಎಂದೆ. “ಮುಂಜಾನಿ ನನಗ ರಾಜೂರ ಸಾಲಿ ಐತಿ.”