ಎಲೆ ಬುಟ್ಟಿಯಲ್ಲಿ ಬಂದ ಪೆಪ್ಟೈಡ್

ಹಾನಗಲ್ಲಿನಿಂದ ಸವಣೂರಿನವರೆಗೆ ಸರ್ಕಾರಿ ಬಸ್ಸಿನ ಮುಂದೆ ಓಡಿ, ಬಸ್ಸು ಬಂದು ನಿಲ್ಲುವಷ್ಟರಲ್ಲಿ ಎರಡು ಪೊಟ್ಟಣ ಖಾರಾಸೇವು ತಿಂದು, ಕೈ ತೊಳೆದು, ‘ಯಾಕ ತಡ ಆತು?’ ಎಂದು ಕಂಡಕ್ಟರನನ್ನೇ ವಿಚಾರಿಸಿದ ಏಕೈಕ ಮನುಷ್ಯ ಹಾನಗಲ್ಲ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಬಾಬಾಜಾನ. ವಯಸ್ಸು ಐವತ್ತಮೂರು. ಎಡ ಮೊಣಕಾಲು ಸವೆದಿದ್ದದ್ದು ಈ ಏಪ್ರಿಲ್‌ವರೆಗೆ ಮಾತ್ರ. ಆಮೇಲೆ ಮೂರೇ ಇಂಜೆಕ್ಷನ್ನಿಗೆ ಹದಿನಾರರ ಹುಡುಗನ ಮೊಣಕಾಲಾಯಿತು. ಇದನ್ನು ಅವನು ಠಾಣೆಯೆದುರಿನ ಚಹಾದಂಗಡಿಯಲ್ಲಿ ಕಡಿಮೆಯೆಂದರೂ ಸಾವಿರ ಸಲ ಹೇಳಿದ್ದ. ಅಂಗಡಿಯ ಅನ್ನವ್ವ ಸಾವಿರ ಸಲವೂ ಕೇಳಿದ್ದಳು.

೨೦೨೫ರ ಜೂನ್ ೯, ಸೋಮವಾರ, ಬೆಳಿಗ್ಗೆ ೧೦.೨೦ಕ್ಕೆ ಅನ್ನವ್ವನ ಮಗಳು ಶೈಲಶ್ರೀ ಠಾಣೆಗೆ ಬಂದಳು. ಶಿಗ್ಗಾವಿಯಲ್ಲಿ ಶಾಲಾ ಶಿಕ್ಷಕಿ. ಮನೆಗೆ ಬರುವುದು ಭಾನುವಾರಕ್ಕೊಮ್ಮೆ. ಇನ್‌ಸ್ಪೆಕ್ಟರ್ ಮಾದೇವಿ ಕುರ್ಚಿ ತೋರಿಸಿದರು. ದೂರು ಬರೆದುಕೊಳ್ಳಲು ಬಾಬಾಜಾನ ಕುಳಿತ.

“ಅವ್ವಗ ನಿನ್ನೆಯಿಂದ ಎಚ್ಚರಿಲ್ರಿ. ಆಸ್ಪತ್ರ್ಯಾಗ ಅದಾಳ. ಸಕ್ಕರಿ ಐದನೂರಾ ಎಂಬತ್ತು ಐತಿ.”

“ಸಕ್ಕರಿ ಕಾಯಿಲೆ ಮೊದಲಿಂದ ಇತ್ತೇನು?”

“ಹನ್ನೆರಡು ವರ್ಷದಿಂದ ಇನ್ಸುಲಿನ್ ತಗೋತಿದ್ಲ್ರಿ. ಬಿಟ್ಟು ಹದಿನೈದು ದಿನ ಆಗೇತಿ. ಅದರ ಬದ್ಲಿ ಇದು.”

ಅವಳು ಮೇಜಿನ ಮೇಲಿಟ್ಟದ್ದು ಹೆಬ್ಬೆರಳು ಗಾತ್ರದ ಗಾಜಿನ ಶೀಶೆ. ಒದ್ದೆ ಬಟ್ಟೆ ಸುತ್ತಿ ಬಾಳೆನಾರಿನಿಂದ ಕಟ್ಟಿತ್ತು. ಬಾಬಾಜಾನನ ಪೆನ್ನು ನಿಂತಿತು. ಗೋಡೆಯ ಮೇಲೆ ಇರುವೆ ನಡೆದರೆ ಹೆಜ್ಜೆ ಕೇಳುವಷ್ಟು ಠಾಣೆ ಸ್ತಬ್ಧವಾಯಿತು.

“ಯಾರು ಕೊಟ್ಟಾರ?”

“ನಿನ್ನೆ ಎಚ್ಚರ ತಪ್ಪೂಕಿಂತ ಮೊದಲ ಕೇಳಿದ್ರ ಹೇಳಲಿಲ್ರಿ. ‘ಹಾಕಿಸ್ಕೊಂಡು ಗುಣ ಆದವ್ರನ್ನ ಕಣ್ಣಾರೆ ನೋಡೇನಿ, ಸುಮ್ನಿರು’ ಅಂದ್ಲು.”

“ಬಾಬಾಜಾನ್ರ, ಬರಕೋರಿ. ಯಾಕ ನಿಂತ್ರಿ?”

“ಶಾಯಿ ಮುಗೀತ್ರಿ ಮೇಡಮ್ರ.”

ಪೆನ್ನು ಅಂದು ಬೆಳಿಗ್ಗೆಯಷ್ಟೇ ಕೊಂಡದ್ದು.

೧೧.೦೫ಕ್ಕೆ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರ ಎದುರು ಶೀಶೆಯ ಪಂಚನಾಮೆ ಮುಗಿಸಿ, ೧೧.೪೦ಕ್ಕೆ ಮಾದೇವಿ, ಬಾಬಾಜಾನ ಇಬ್ಬರೂ ಆಸ್ಪತ್ರೆ ತಲುಪಿದರು. ಡಾಕ್ಟರ್ ನುಜಹತ ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಪೆಪ್ಟೈಡ್ ಅಂತ ಬರದಾರ.”

“ಅದು ವಿಷ ಏನ್ರಿ?” ಬಾಬಾಜಾನ ಕೇಳಿದ.

“ಪೆಪ್ಟೈಡ್ ಅಂದ್ರ ವಿಷ ಅಲ್ಲ. ಪ್ರೋಟೀನಿನ ಗಿಡ್ಡ ಸರ ಅಂತ ತಿಳೀರಿ. ನಮ್ಮ ಮೈಯಾಗ ಸುದ್ದಿ ಮುಟ್ಟಸ್ತಾವ. ಇನ್ಸುಲಿನ್ನೂ ಒಂದು ಪೆಪ್ಟೈಡ. ಸಕ್ಕರಿಗೆ, ಎಲುಬಿನ ಸವಕಳಿಗೆ, ಕೆಲವು ಕ್ಯಾನ್ಸರಿಗೆ ಇಂಥ ಔಷಧ ನಾವೂ ಕೊಡ್ತೇವಿ. ರಕ್ತ ಪರೀಕ್ಷಾ ಮಾಡಿ, ಅಳತಿ ನೋಡಿ, ಫ್ರಿಜ್ಜಿನಾಗ ಕಾಪಾಡಿದ್ದನ್ನ ಕೊಡ್ತೇವಿ. ಇದಕ್ಕ ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ಕೆಳಗ ಇಂಗ್ಲಿಷಿನಾಗ ಏನೈತಿ ಗೊತ್ತೇನು? ಸಂಶೋಧನೆಗೆ ಮಾತ್ರ, ಮನುಷ್ಯರಿಗಲ್ಲ ಅಂತ.”

“ಹಂಗಾರ ಅನ್ನವ್ವ?” ಮಾದೇವಿ ಕೇಳಿದರು.

“ಜೀವ ಹಿಡಿದಿದ್ದ ಪೆಪ್ಟೈಡ್ ಬಿಡಿಸಿ, ಏನಂತ ಗೊತ್ತಿಲ್ಲದ್ದನ್ನ ಚುಚ್ಚ್ಯಾರ. ಎಚ್ಚರಾಗತಾಳೋ ಇಲ್ಲೋ ಹೇಳಾಕ ಬರೂದಿಲ್ಲ. ನನ್ನ ಅಂಜಿಕಿ ಬ್ಯಾರೇನ ಐತಿ ಮೇಡಂ. ಇದನ್ನ ಕೊಟ್ಟವನ ಮಾತು ಕೇಳಿ ಇನ್ನ ಎಷ್ಟು ಮಂದಿ ಇನ್ಸುಲಿನ್ ಬಿಟ್ಟಾರೋ. ಅವರನ್ನ ಲಗೂ ಹುಡುಕ್ರಿ. ತಾಸು ತಾಸಿಗೂ ಕಿಮ್ಮತ್ತೈತಿ.”

ಪರದೆಯ ಆಚೆ ಅನ್ನವ್ವನ ಉಸಿರು ಕೇಳುತ್ತಿತ್ತು. ಮಲಗಿದ್ದವಳು ಯಾವುದೋ ಮೆಟ್ಟಿಲು ಹತ್ತುತ್ತಲೇ ಇದ್ದಾಳೆ, ಮೆಟ್ಟಿಲು ಮುಗಿಯುತ್ತಿಲ್ಲ, ಹಾಗಿತ್ತು ಆ ಉಸಿರು.

ಬಾಬಾಜಾನ ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಹೆಸರಿನ ಹಿಂದೆಯೇ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಅವನು ಶೀಶೆಗೆ ಸುತ್ತಿದ್ದ ಬಟ್ಟೆಯನ್ನು ಮೂಗಿಗೆ ಹಿಡಿದ.

“ಇದು ಸವಣೂರಿನ ವೀಳ್ಯದೆಲಿ ವಾಸನಿರಿ. ನನ್ನ ಮೂಗನ್ನ ನಾಯಿ ದಳದವ್ರು ಎರವಲು ಕೇಳ್ಯಾರ.”

ಮಾದೇವಿ ನಗಲಿಲ್ಲ. ನಾರಿನ ಗಂಟನ್ನು ನೋಡಿದರು. ಎಲೆ ಪೆಂಡಿ ಕಟ್ಟುವ ಗಂಟೇ ಅದು. “ಜೀಪು ತಗೀರಿ,” ಎಂದರು.

೧.೪೫ಕ್ಕೆ ಸವಣೂರು. ಸ್ಥಳೀಯ ಠಾಣೆಗೆ ತಿಳಿಸಿ ಎಲೆ ತೋಟಗಳಲ್ಲಿ ವಿಚಾರಿಸಿದರು. ಮೂರನೆಯ ತೋಟದಲ್ಲಿ ಫಕ್ರುಸಾಬ ಎಂಬ ಮುದುಕ ಬುಟ್ಟಿಗೆ ನೀರು ಚಿಮುಕಿಸುತ್ತಿದ್ದ.

“ಈ ಗಂಟು ನಿಮ್ದೇನ್ರಿ?” ಮಾದೇವಿ ಕೇಳಿದರು.

“ನಂದರಿ. ಕಂಪೌಂಡರ್ ಚನ್ನೇಶ ಕೊಡ್ತಾನ, ಎಲಿ ಬುಟ್ಟ್ಯಾಗಿಟ್ಟು ಕಳಸ್ತೇನಿ. ಶಿಗ್ಗಾವಿಗೆ, ಹಾನಗಲ್ಲಿಗೆ, ಹಿರೇಕೆರೂರು ಸಂತಿಗೆ. ಔಷಧ ತಂಪಿನಾಗ ಇರಬೇಕಂತಲ್ರಿ.”

“ಇಷ್ಟು ತಂಪು ಸಾಲತೈತೇನ್ರಿ?”

“ಎಂಟು ದಿನ ಎಲೀನ ಬಾಡೂದಿಲ್ಲ ಇದ್ರಾಗ. ಔಷಧ ಯಾಕ ಕೆಡತೈತ್ರಿ ಅಕ್ಕಾರ?”

“ಅವನ ಮನಿ ಎಲ್ಲಿ?”

ಫಕ್ರುಸಾಬ ಕೈ ಎತ್ತುವ ಮೊದಲೇ ಬಾಬಾಜಾನ ಹೊರಟುಬಿಟ್ಟಿದ್ದ. ಮಸೀದಿ ದಾಟಿ ಎಡಕ್ಕೆ, ಹಾಳು ಬಾವಿಯ ಹತ್ತಿರ ಬಲಕ್ಕೆ, ಮತ್ತೆ ಎಡಕ್ಕೆ. ಎಲ್ಲಿಯೂ ಯಾರನ್ನೂ ಕೇಳಲಿಲ್ಲ. ಹಿಂದಿನಿಂದ ಮಾದೇವಿ ಮಾತಿಲ್ಲದೆ ಬರುತ್ತಿದ್ದರು. ಆ ಮೌನ ಅವನ ಬೆನ್ನಿಗೆ ಎರಡು ಕ್ವಿಂಟಲ್ ಗೋವಿನಜೋಳದ ಚೀಲದಂತೆ ಕೂತಿತ್ತು.

ಅವನು ಹೋಗಿ ನಿಂತ ಮನೆಯೊಳಗೆ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕಾಯುತ್ತಿದ್ದರು. ಬಿಳಿ ಕೋಟು ತೊಟ್ಟ ಚನ್ನೇಶ ಸೂಜಿ ಕೈಯಲ್ಲಿ ಹಿಡಿದೇ ತಿರುಗಿದ.

“ಬರ್ರಿ ಬಾಬಾಜಾನ್ ಸಾಹೇಬ್ರ, ಕುಂದರ್ರಿ. ಮೊಣಕಾಲು ಹೆಂಗೈತಿ? ನೀವು ಕಳಿಸಿದ ಚಹಾದಂಗಡಿ ಅಕ್ಕ ಹೋದ ವಾರ ಬರಲೇ ಇಲ್ಲ?”

ಮಾದೇವಿ ಬಾಬಾಜಾನನ ಮುಖ ನೋಡಿದರು. “ಸೂಜಿ ಕೆಳಗಿಡು,” ಎಂದದ್ದು ಚನ್ನೇಶನಿಗೆ.

೨.೪೦ಕ್ಕೆ ಅವನನ್ನು ಬಂಧಿಸಲಾಯಿತು. ಜಪ್ತಿ ಪಂಚನಾಮೆಯಲ್ಲಿ ನಲವತ್ತೊಂದು ಶೀಶೆ, ಒಂದು ಎಲೆ ಬುಟ್ಟಿ, ಒಂದು ನೋಟುಬುಕ್ಕು. ಅದರಲ್ಲಿ ಹತ್ತೊಂಬತ್ತು ಹೆಸರು. ಅನ್ನವ್ವನೂ ಸೇರಿ ಎಂಟು ಮಂದಿಯ ಮುಂದೆ ‘ಇನ್ಸುಲಿನ್ ಬಂದ್’ ಎಂದು ಬರೆದಿತ್ತು. ಮಾದೇವಿ ನಿಂತಲ್ಲಿಂದಲೇ ನಾಲ್ಕೂ ತಾಲೂಕಿಗೆ ಫೋನ್ ಮಾಡಿದರು. ಸಂಜೆ ಐದರೊಳಗೆ ಆರು ಮಂದಿ ಆಸ್ಪತ್ರೆ ಸೇರಿದರು. ಉಳಿದವನು ಹುಲಗೂರಿನ ಕರೀಮಸಾಬ. ಊಟ ಬಿಟ್ಟು ಮಲಗಿದ್ದಾನೆಂದು ಮನೆಯವರು ಎಬ್ಬಿಸಿರಲಿಲ್ಲ. ಪೊಲೀಸರು ಹೋಗಿ ಎಬ್ಬಿಸಿದಾಗ ಏಳಲಿಲ್ಲ.

ಚನ್ನೇಶನ ಹೇಳಿಕೆ ಚಿಕ್ಕದು. ಮೂವತ್ತು ವರ್ಷ ಒಂದೇ ದವಾಖಾನೆಯಲ್ಲಿ ದುಡಿದ. ಡಾಕ್ಟರು ತೀರಿಕೊಂಡು ಬಾಗಿಲು ಮುಚ್ಚಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಶೀಶೆ ತರಿಸಿದ. “ಮೂವತ್ತು ವರ್ಷ ‘ಏ ಕಂಪೌಂಡರ್’ ಅಂತ ಕರದ್ರು. ಮೊದಲನೇ ಇಂಜೆಕ್ಷನ್ ಹಾಕಿದ ದಿನ ಒಬ್ಬ ಮುದುಕಿ ‘ಡಾಕ್ಟ್ರ’ ಅಂದ್ಲು. ಅದನ್ನ ಇನ್ನೊಮ್ಮೆ ಕೇಳಬೇಕು ಅನಸ್ತು.” ಬಾಬಾಜಾನ ಅಕ್ಷರ ಬಿಡದೆ ಬರೆದುಕೊಂಡ. ಬರೆಯುವಾಗ ತಲೆ ಎತ್ತಲಿಲ್ಲ.

೬.೩೦ಕ್ಕೆ ಹಾನಗಲ್ಲ ಠಾಣೆಯಲ್ಲಿ ಶೈಲಶ್ರೀ ತನ್ನ ಹೇಳಿಕೆಗೆ ಸಹಿ ಹಾಕಲು ಬಂದಳು. ಅನ್ನವ್ವ ಇನ್ನೂ ಕಣ್ಣು ತೆರೆದಿರಲಿಲ್ಲ. ಮಾದೇವಿ ಬಿಳಿ ಹಾಳೆಯೊಂದನ್ನು ಬಾಬಾಜಾನನತ್ತ ಸರಿಸಿದರು.

“ಈಗ ನಿಮ್ದು ಹೇಳ್ರಿ. ಇವರ ಮುಂದನ.”

“ಮೂರು ಹಾಕಿಸ್ಕೊಂಡೆ. ಮೊಣಕಾಲು ನೋವು ಒಂದು ದಿನಾನೂ ಕಮ್ಮಿ ಆಗಲಿಲ್ರಿ.”

“ಮತ್ತ ಊರಿಗೆಲ್ಲ ಯಾಕ ಹಂಗ ಹೇಳಿದ್ರಿ?”

“ಹೇಳಿದ್ರ ಮಂದಿ ಸುತ್ತ ಕುಂತು ಕೇಳ್ತಿದ್ರು. ಅನ್ನವ್ವ ಚಹಾ ಸೋಸೂದು ಬಿಟ್ಟು ಕೇಳ್ತಿದ್ಲು. ವಿಳಾಸ ನಾನ ಬರದು ಕೊಟ್ಟೆ.”

ಶೈಲಶ್ರೀ ಸಹಿಯ ಪೆನ್ನನ್ನು ಮೇಜಿನ ಮೇಲಿಟ್ಟಳು.

“ಹುಲಗೂರಿನ ಅಜ್ಜ ತೀರಿದ್ದು ಎಷ್ಟೊತ್ತಿಗಂತ್ರಿ?”

“ಡಾಕ್ಟ್ರ ಅಂದಾಜಿಗೆ ಮಧ್ಯಾಹ್ನ ಎರಡರ ಸುಮಾರು,” ಎಂದರು ಮಾದೇವಿ.

“ಕಾಕಾ, ನಾ ಮುಂಜಾನೆ ಶೀಶೆ ಇಟ್ಟಾಗ ನಿಮಗ ಅವನ ಹೆಸರು ಗೊತ್ತಿತ್ತು.”

“ಗೊತ್ತಿತ್ತವ್ವ.”